ವ್ಯೂಸ್, ವೈರಲ್, ರೇಟಿಂಗ್: ಯಾವ ಪದ ಏನನ್ನು ಅಳೆಯುತ್ತದೆ?

‘ಹತ್ತು ಲಕ್ಷ ವ್ಯೂಸ್ ಬಂದಿದೆ, ಸುಳ್ಳು ಇರುತ್ತಾ?’ ಮನೆಮದ್ದಿನ ವಿಡಿಯೋಗಳ ಬಗ್ಗೆ ನಾವು ಆಗಾಗ ಕೇಳುವ ಪ್ರಶ್ನೆ ಇದು. ಉತ್ತರ: ಖಂಡಿತ ಇರಬಹುದು.

ವ್ಯೂಸ್, ಲೈಕ್ಸ್, ಟ್ರೆಂಡಿಂಗ್, ವೈರಲ್ ಇವೆಲ್ಲ ಜನಪ್ರಿಯತೆಯ ಪದಗಳು. ಎಷ್ಟು ಜನ ನೋಡಿದರು, ಎಷ್ಟು ಬೇಗ ಹರಡಿತು ಎಂದಷ್ಟೇ ಹೇಳುತ್ತವೆ. ವಾಟ್ಸಾಪ್‌ನ ಜೋಡಿ ಬಾಣದ ಗುರುತೂ ಹಾಗೆಯೇ. ಸಂದೇಶ ಕನಿಷ್ಠ ಐದು ಸಲ ಫಾರ್ವರ್ಡ್ ಆಗಿ ಬಂದಿದೆ ಎಂದು ಅದರ ಅರ್ಥ, ನಿಜ ಎಂದಲ್ಲ. ಅಂಥ ಸಂದೇಶವನ್ನು 2020ರಿಂದ ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸಬಹುದು.

ರೇಟಿಂಗ್, ಸ್ಕೋರ್, ಗ್ರೇಡ್ ಗುಣಮಟ್ಟದ ಪದಗಳು. ಆದರೆ ಯಾರು ಕೊಟ್ಟರು, ಯಾವ ಗುಣಕ್ಕೆ ಕೊಟ್ಟರು ಎಂದು ನೋಡಬೇಕು. ಫ್ರಿಜ್ ಮೇಲಿನ ಬಿಇಇ ಸ್ಟಾರ್ ಹೇಳುವುದು ವಿದ್ಯುತ್ ಉಳಿತಾಯವನ್ನು, ಬಾಳಿಕೆಯನ್ನಲ್ಲ. ಶಾಪಿಂಗ್ ಆ್ಯಪ್‌ನ ಸ್ಟಾರ್ ಗ್ರಾಹಕರ ಅಭಿಪ್ರಾಯ. ಮೂವರು ಕೊಟ್ಟ 5ಕ್ಕಿಂತ ಮೂರು ಸಾವಿರ ಜನ ಕೊಟ್ಟ 4.3 ಸಾಮಾನ್ಯವಾಗಿ ಹೆಚ್ಚು ನಂಬಲರ್ಹ.

ಔಷಧದ ವಿಷಯದಲ್ಲಿ ಇವೆರಡೂ ಸಾಲದು. ಮದ್ದು ಕೆಲಸ ಮಾಡುತ್ತದೆಯೇ ಎಂಬುದು ವೈದ್ಯಕೀಯ ಪರೀಕ್ಷೆಯಿಂದ ತಿಳಿಯಬೇಕು. ವ್ಯೂಸ್ ನಂಬಿ ಶುಗರ್ ಮಾತ್ರೆ ಬಿಡಬೇಡಿ, ವೈದ್ಯರನ್ನು ಕೇಳಿ. ಮನೆಯ ಹಿರಿಯರಿಗೂ ಇದನ್ನು ತಿಳಿಸಿ.