ಹೆಸರು ಖಾಲಿ ಇದೆಯೇ ಎಂದು ಕೇಳಿದವರ ಕಥೆ

ಜಾಲತಾಣದ ಹೆಸರು ಯಾರದೆಂದು ಹುಡುಕುವ ಸೌಲಭ್ಯಕ್ಕೆ ‘ಹೂಈಸ್’ ಎಂದು ಹೆಸರು. ‘ಯಾರಿವರು?’ ಎಂಬುದೇ ಅದರ ಅರ್ಥ. 1982ರಲ್ಲಿ ಕೆನ್ ಹ್ಯಾರೆನ್‌ಸ್ಟೀನ್ ಮತ್ತು ವಿಕ್ ವೈಟ್ ಅದರ ನಿಯಮಗಳನ್ನು ಬರೆದು ಪ್ರಕಟಿಸಿದರು. ಆಗ ಇದ್ದದ್ದು ಇಂದಿನ ಇಂಟರ್ನೆಟ್ ಅಲ್ಲ, ಅಮೆರಿಕದ ಅರ್ಪಾನೆಟ್. ಅದನ್ನು ಬಳಸುವವರ ಪಟ್ಟಿ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡದ ಬಳಿ ಇತ್ತು. ಹೆಸರು ಕಳಿಸಿದರೆ ವಿಳಾಸ, ಫೋನ್ ನಂಬರು, ಇ-ಮೇಲ್ ಬರುತ್ತಿದ್ದವು. ಊರಿನ ಟೆಲಿಫೋನ್ ಡೈರೆಕ್ಟರಿ ಇದ್ದ ಹಾಗೆ. ಕೇಳುವವರು ಯಾರು, ಏಕೆ ಕೇಳುತ್ತಾರೆ ಎಂದು ಯಾರೂ ವಿಚಾರಿಸುತ್ತಿರಲಿಲ್ಲ.

ಹೆಸರುಗಳಿಗೆ ಬೆಲೆ ಬಂದಾಗ ಈ ಸಲಿಗೆ ಉಳಿಯಲಿಲ್ಲ. 1999ರಲ್ಲಿ ‘ಡಾಟ್ ಕಾಮ್’ ಮಾರಾಟಕ್ಕೆ ಹಲವು ಕಂಪನಿಗಳು ಇಳಿದವು. ಹುಡುಕುವ ಪೆಟ್ಟಿಗೆ ಅಂಗಡಿಯ ಗಲ್ಲೆಯ ಪಕ್ಕಕ್ಕೆ ಬಂತು. ಕೆಲವು ವರ್ಷಗಳಲ್ಲೇ ಗ್ರಾಹಕರ ದೂರು ಶುರುವಾಯಿತು: ಇವತ್ತು ಹುಡುಕಿದಾಗ ಖಾಲಿ ಇದ್ದ ಹೆಸರು, ನಾಳೆ ಕೊಳ್ಳಲು ಹೋದರೆ ಬೇರೆಯವರ ಪಾಲಾಗಿರುತ್ತದೆ. ನಮ್ಮ ಹುಡುಕಾಟವನ್ನು ಯಾರೋ ಕದ್ದು ನೋಡುತ್ತಿದ್ದಾರೆಯೇ? 2007ರ ಅಕ್ಟೋಬರಿನಲ್ಲಿ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕಾನ್‌ನ ಭದ್ರತಾ ಸಮಿತಿಯೇ ಈ ಶಂಕೆಯ ಬಗ್ಗೆ ವರದಿ ಕೊಟ್ಟಿತು.

2008ರ ಜನವರಿಯಲ್ಲಿ ಒಂದು ಉದಾಹರಣೆ ಬಯಲಿಗೆ ಬಂತು. ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ, ತನ್ನ ತಾಣದಲ್ಲಿ ಜನ ಹುಡುಕಿದ ಹೆಸರನ್ನು ತಾನೇ ನೋಂದಾಯಿಸಿಕೊಂಡು ನಾಲ್ಕು ದಿನ ಹಿಡಿದಿಡುತ್ತಿತ್ತು. ಆ ಅವಧಿಯಲ್ಲಿ ಅದೇ ಹೆಸರನ್ನು ಬೇರೆ ಕಡೆ ಅಗ್ಗಕ್ಕೆ ಕೊಳ್ಳಲು ಆಗುತ್ತಿರಲಿಲ್ಲ. ಹೆಸರುಗಳ್ಳರಿಂದ ಗ್ರಾಹಕರನ್ನು ಕಾಪಾಡಲು ಹೀಗೆ ಮಾಡಿದೆವು ಎಂದು ಕಂಪನಿ ಹೇಳಿತು. ಗ್ರಾಹಕರು ಒಪ್ಪಲಿಲ್ಲ. ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಪನಿಯ ಮೇಲೂ ಐಕಾನ್ ಮೇಲೂ ದಾವೆ ಬಿತ್ತು.

ಇದಕ್ಕೆ ದಾರಿ ಮಾಡಿಕೊಟ್ಟದ್ದು ಒಂದು ಸಣ್ಣ ರಿಯಾಯಿತಿ. ನೋಂದಾಯಿಸಿದ ಹೆಸರನ್ನು ಐದು ದಿನದೊಳಗೆ ರದ್ದು ಮಾಡಿದರೆ ಮಾರಾಟಗಾರನಿಗೆ ಪೂರ್ತಿ ಹಣ ವಾಪಸ್ ಬರುತ್ತಿತ್ತು. ಕಾಗುಣಿತದ ತಪ್ಪು ತಿದ್ದಿಕೊಳ್ಳಲೆಂದು ಇದ್ದ ಸೌಕರ್ಯ ಅದು. ಖರ್ಚಿಲ್ಲದ್ದರಿಂದ ಕೆಲವರು ಲಕ್ಷಗಟ್ಟಲೆ ಹೆಸರು ಹಿಡಿದು, ಲಾಭ ಬರದಿದ್ದರೆ ಬಿಡುತ್ತಿದ್ದರು. ಐಕಾನ್ ಮಿತಿ ಮೀರಿದ ರದ್ದತಿಗೆ ಮೊದಲು ತಲಾ 20 ಸೆಂಟ್, 2009ರಲ್ಲಿ ಇನ್ನೂ ಹೆಚ್ಚು ಶುಲ್ಕ ಹಾಕಿತು. 2008ರ ಜೂನ್‌ನಿಂದ 2009ರ ಏಪ್ರಿಲ್‌ನೊಳಗೆ ಇಂಥ ರದ್ದತಿ ಶೇ. 99.7ರಷ್ಟು ಇಳಿಯಿತು. ಭದ್ರತಾ ಸಮಿತಿಯ ವರದಿ, ನ್ಯಾಯಾಲಯದ ದಾವೆ ಎಲ್ಲ ಒಂದು ಕಡೆ. ಚಾಳಿಯನ್ನು ನಿಲ್ಲಿಸಿದ್ದು ಚಿಲ್ಲರೆ ಕಾಸು.

ಇನ್ನೊಂದು ಅಸಮಾಧಾನ ಹೆಸರಿನ ಮಾಲೀಕರದು. ಬಹಿರಂಗವಾಗಿದ್ದ ಅವರ ಫೋನ್, ಇ-ಮೇಲ್ ಜಾಹೀರಾತುದಾರರ ಕೈ ಸೇರುತ್ತಿದ್ದವು. 2018ರ ಮೇ 25ರಂದು ಯುರೋಪಿನ ಖಾಸಗಿತನದ ಕಾನೂನು ಜಾರಿಯಾದ ಮೇಲೆ ಬಹುಪಾಲು ವಿವರ ಮರೆಯಾದವು. ಈಗ ಮೋಸದ ತಾಣದ ಹಿಂದೆ ಯಾರಿದ್ದಾರೆ ಎಂದು ಹುಡುಕುವ ಪತ್ರಕರ್ತರಿಗೂ ಅದೇ ಖಾಲಿ ಜಾಗ ಕಾಣುತ್ತದೆ. 2025ರ ಜನವರಿ 28ರಿಂದ ‘ಡಾಟ್ ಕಾಮ್’ನಂಥ ಹೆಸರುಗಳಿಗೆ ಹಳೆಯ ಹೂಈಸ್ ಕಡ್ಡಾಯವೂ ಅಲ್ಲ, ಆರ್‌ಡಿಎಪಿ ಎಂಬ ಹೊಸ ವ್ಯವಸ್ಥೆ ಬಂದಿದೆ. ಯಾರು ಕೇಳುತ್ತಿದ್ದಾರೆ ಎಂದು ನೋಡಿ ಎಷ್ಟು ಹೇಳಬೇಕೆಂದು ತೀರ್ಮಾನಿಸಲು ಅದರಲ್ಲಿ ಅವಕಾಶವಿದೆ.

ಹೆಸರು ಕೊಳ್ಳುವ ಆಲೋಚನೆ ನಿಮಗಿದ್ದರೆ ಹಳೆಯ ಗ್ರಾಹಕರು ಕಲಿತ ಪಾಠ ಇಷ್ಟೇ: ಕೊಳ್ಳಲು ಸಿದ್ಧರಾದ ದಿನವೇ ಹುಡುಕಿ.