ದೊಡ್ಡ ಮನೆಯಲ್ಲಿ ಕಾಣೆಯಾದ ನಿಲುವಂಗಿ

1860ರ ಜೂನ್ 30ರ ಬೆಳಗ್ಗೆ ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ಬಂಗಲೆಯೊಂದರಲ್ಲಿ ಮೂರು ವರ್ಷದ ಸಾವಿಲ್ ಕೆಂಟ್ ಹಾಸಿಗೆಯಲ್ಲಿರಲಿಲ್ಲ. ಹುಡುಕಿದವರಿಗೆ ಮಗುವಿನ ಶವ ಸಿಕ್ಕಿದ್ದು ಆಳುಗಳ ಪಾಯಿಖಾನೆಯ ಗುಂಡಿಯಲ್ಲಿ. ಕತ್ತು ಕೊಯ್ಯಲಾಗಿತ್ತು. ಕೊಂದವರು ಮನೆಯೊಳಗಿನವರೇ ಎಂಬ ಅನುಮಾನ ಬೇಗನೆ ಬಲವಾಯಿತು.

ತಂದೆ ಸ್ಯಾಮ್ಯುಯೆಲ್ ಕೆಂಟ್ ಕಾರ್ಖಾನೆಗಳ ತಪಾಸಣಾಧಿಕಾರಿ, ದೊಡ್ಡ ಕುಳ. ರಾತ್ರಿ ಕಾವಲಿಗೆ ಬಂದ ಇಬ್ಬರು ಪೊಲೀಸರನ್ನು ಆತ ಅಡುಗೆಮನೆಯಲ್ಲಿ ಬಿಟ್ಟು ಹೊರಗಿನಿಂದ ಅಗುಳಿ ಹಾಕಿಬಿಟ್ಟ! ಒಲೆಯ ಬಳಿ ಸಿಕ್ಕಿದ್ದ ರಕ್ತದ ಕಲೆಯ ಒಳಉಡುಪೊಂದು ಪೊಲೀಸರ ಕೈತಪ್ಪಿತು. ಅವರು ಆ ವಿಷಯವನ್ನೇ ಮುಚ್ಚಿಟ್ಟರು.

ಎರಡು ವಾರ ಕಳೆದ ಮೇಲೆ ಸ್ಕಾಟ್ಲೆಂಡ್ ಯಾರ್ಡಿನ ಜೊನಾಥನ್ ವಿಚರ್ ಬಂದ. 1842ರಲ್ಲಿ ಬರೀ ಎಂಟು ಜನರಿಂದ ಶುರುವಾದ ಪತ್ತೇದಾರಿ ವಿಭಾಗದ ಮೊದಲ ತಂಡದವನು. ರಕ್ತ ಸಿಗದ ಕಡೆ ಅವನು ಬಟ್ಟೆಯ ಲೆಕ್ಕ ಕೇಳಿದ. ಸ್ಯಾಮ್ಯುಯೆಲ್‌ನ ಮೊದಲ ಹೆಂಡತಿಯ ಮಗಳು, ಹದಿನಾರರ ಕಾನ್‌ಸ್ಟನ್ಸ್‌ಗೆ ಇದ್ದ ಮೂರು ರಾತ್ರಿಯ ನಿಲುವಂಗಿಗಳಲ್ಲಿ ಒಂದು ನಾಪತ್ತೆ. ಒಗೆಯಲು ಹಾಕಿದ್ದು ಅಲ್ಲೇ ಕಳೆಯಿತೆಂದು ಅವಳ ಮಾತು. ವಿಚರ್‌ನ ತರ್ಕ ಬೇರೆ: ಕಲೆಯಾದ ಅಂಗಿಯನ್ನು ಅವಳು ಮೊದಲೇ ನಾಶಮಾಡಿದ್ದಳು. ಕೊಲೆಯ ನಂತರದ ಸೋಮವಾರ ಶುಭ್ರವಾದ ಇನ್ನೊಂದನ್ನು ಒಗೆಯುವ ಬುಟ್ಟಿಗೆ ಹಾಕಿ, ಕೆಲಸದವಳು ಎಣಿಸಿ ಬರೆದುಕೊಂಡ ಮೇಲೆ, ನೀರು ತರಲು ಅವಳನ್ನು ಕಳಿಸಿ ಮೆಲ್ಲಗೆ ವಾಪಸ್ ತೆಗೆದುಕೊಂಡಳು. ಹೀಗಾದರೆ ಕಳೆದ ಅಂಗಿಯ ಹೊಣೆ ಅಗಸಗಿತ್ತಿಯ ತಲೆಗೆ. ಎಂಥ ಸೂಕ್ಷ್ಮ ದೃಷ್ಟಿ!

ಅವಳನ್ನು ಬಂಧಿಸಿದ್ದೇ ತಡ, ಪತ್ರಿಕೆಗಳು ವಿಚರ್‌ನ ಮೇಲೆ ಮುಗಿಬಿದ್ದವು. ಕೂಲಿ ಮಾಡಿ ಬಂದ ಪೊಲೀಸಿನವನು ಮರ್ಯಾದಸ್ಥರ ಮಗಳ ಒಳಬಟ್ಟೆ ಎಣಿಸುವುದೇ? ಅಂಗಿ ಸಿಗಲಿಲ್ಲ, ವಾರದಲ್ಲೇ ಅವಳು ಬಿಡುಗಡೆಯಾದಳು. ಸಾಕ್ಷ್ಯ ತೆಳುವಾಗಿತ್ತು, ನಿಜ. ಆದರೆ ಅದನ್ನು ತೆಳುವಾಗಿಸಿದ್ದು ಆ ಮನೆಯ ಅಂತಸ್ತಿಗೆ ಹೆದರಿ ಕಳೆದುಕೊಂಡ ಮೊದಲ ಎರಡು ವಾರ. ಮನಸ್ಸು ಮುರಿದ ವಿಚರ್ 1864ರಲ್ಲಿ ಅನಾರೋಗ್ಯದಿಂದ ನಿವೃತ್ತನಾದ.

1865ರ ಏಪ್ರಿಲ್‌ನಲ್ಲಿ ಕಾನ್‌ಸ್ಟನ್ಸ್ ತಾನಾಗಿಯೇ ಲಂಡನ್ನಿನ ನ್ಯಾಯಾಲಯಕ್ಕೆ ಬಂದು ಕೊಲೆ ಒಪ್ಪಿಕೊಂಡಳು. ಗಲ್ಲುಶಿಕ್ಷೆ ಜೀವಾವಧಿಗೆ ಇಳಿಯಿತು. ಇಪ್ಪತ್ತು ವರ್ಷ ಸೆರೆಯಲ್ಲಿದ್ದು ಹೊರಬಂದು, ಹೆಸರು ಬದಲಿಸಿ ಆಸ್ಟ್ರೇಲಿಯಾದಲ್ಲಿ ದಾದಿಯಾಗಿ ದುಡಿದು, 1944ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡಳು.

1868ರ ‘ದಿ ಮೂನ್‌ಸ್ಟೋನ್’ ಕಾದಂಬರಿಯಲ್ಲಿ ವಿಲ್ಕಿ ಕಾಲಿನ್ಸ್ ಈ ಪ್ರಕರಣದಿಂದ ಕಲೆಯಾದ ನಿಲುವಂಗಿಯನ್ನೂ ಒಗೆತದ ಲೆಕ್ಕದ ಪುಸ್ತಕವನ್ನೂ ತಂದ. ಅಲ್ಲಿನ ಪತ್ತೇದಾರ ಸಾರ್ಜೆಂಟ್ ಕಫ್‌ನನ್ನು ಓದಿ ಮೆಚ್ಚುವವರು, ಕಂಡ ಸತ್ಯಕ್ಕಾಗಿ ಅವಮಾನ ಉಂಡ ವಿಚರ್‌ನನ್ನೂ ನೆನೆಯಬೇಕು.