ಘಾಟಿಯ ತಿರುವಿನಲ್ಲಿ ಸ್ವಯಂಚಾಲಿತ ಕಾರು

ಆಗುಂಬೆ ಘಾಟಿಗೆ 14 ಹೇರ್‌ಪಿನ್ ತಿರುವುಗಳು. ಆಷಾಢದ ಮಳೆಯಲ್ಲಿ ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟವರಿಗೆ ವೈಪರ್ ಎಷ್ಟು ಬೀಸಿದರೂ ಬಾನೆಟ್ಟಿನಾಚೆ ಮಂಜೇ ಮಂಜು. ಡ್ರೈವರ್ ತಿರುವಿಗೆ ಮುಂಚೆ ಹಾರ್ನ್ ಹೊಡೆದು, ಆಚೆಯಿಂದ ಉತ್ತರ ಬರುತ್ತದೋ ಎಂದು ಕಿವಿಗೊಟ್ಟು, ಆಮೇಲೆ ಸ್ಟೇರಿಂಗ್ ತಿರುಗಿಸುತ್ತಾನೆ. ತಾನೇ ಓಡುವ ಕಾರಿಗೂ ಇವೆರಡೂ ಬೇಕು: ಕಾಣುವುದನ್ನು ನೋಡುವ ಕಣ್ಣು, ಕಾಣದ್ದನ್ನು ಕೇಳುವ ಕಿವಿ.

ಕಣ್ಣುಗಳು

ಫಲಕ, ಸಿಗ್ನಲ್ಲಿನ ಬಣ್ಣ, ರಸ್ತೆಯ ಬಿಳಿ ಗೆರೆ ಓದುವುದು ಕ್ಯಾಮೆರಾ. ಗೆರೆಯೇ ಇಲ್ಲದ, ಅಂಚಿಗೆ ಪಾಚಿ ಹಿಡಿದ ಹೊಸನಗರದ ಒಳರಸ್ತೆಯಲ್ಲಿ ಅದು ಓದುವುದಾದರೂ ಏನನ್ನು? ಲೈಡಾರ್ ಲೇಸರ್ ಬೆಳಕು ಚಿಮ್ಮಿಸಿ, ಅದು ಮರಳುವ ಹೊತ್ತಿನಿಂದ ದೂರ ಅಳೆಯುತ್ತದೆ. 150 ಮೀಟರ್ ಆಚೆಯ ಲಾರಿಗೆ ತಗಲಿ ಬರಲು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಸಾಕು. ಆದರೆ ದಟ್ಟ ಮಂಜು ಆ ಬೆಳಕನ್ನು ಚದುರಿಸಿಬಿಡುತ್ತದೆ.

ಮಲೆನಾಡಿಗೆ ಒಗ್ಗುವುದು ರೇಡಾರ್. 77 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಅದರ ತರಂಗಾಂತರ ಸುಮಾರು 4 ಮಿಲಿಮೀಟರ್. ಮಂಜಿನ ಹನಿಗಳು ಅದಕ್ಕಿಂತ ಎಷ್ಟೋ ಪಟ್ಟು ಚಿಕ್ಕವಾದ್ದರಿಂದ ಅಡ್ಡಿಯಾಗುವುದಿಲ್ಲ. ಜಡಿಮಳೆಯಲ್ಲಿ ನೋಟ ತುಸು ಕುಗ್ಗೀತು, ಅಷ್ಟೆ. ಡಾಪ್ಲರ್ ಪರಿಣಾಮದಿಂದ ಎದುರಿನ ವಾಹನದ ವೇಗವನ್ನೂ ಹೇಳುತ್ತದೆ. ಬಂದದ್ದು ದನವೋ ಬೈಕೋ ಎಂದು ಗುರುತಿಸುವುದರಲ್ಲಿ ಮಾತ್ರ ಹಿಂದು.

ಟವರ್ ಬೇಡದ ಮಾತುಕತೆ

ತಿರುವಿನ ಗುಡ್ಡದ ಆಚೆ ಬದಿ ಈ ಮೂರಕ್ಕೂ ಕಾಣದು. ಅಲ್ಲಿಗೆ ಬೇಕಾದ್ದು ವಾಹನದಿಂದ ವಾಹನಕ್ಕೆ ರೇಡಿಯೊ ಸಂಪರ್ಕ. ಅಮೆರಿಕ ಇದಕ್ಕೆಂದು 5.9 ಗಿಗಾಹರ್ಟ್ಸ್ ಪಟ್ಟಿಯನ್ನು 1999ರಲ್ಲೇ ಮೀಸಲಿಟ್ಟಿತ್ತು. ಪ್ರತಿ ವಾಹನವೂ ತಾನೆಲ್ಲಿದ್ದೇನೆ, ಯಾವ ವೇಗದಲ್ಲಿ, ಯಾವ ಕಡೆಗೆ ಎಂಬುದನ್ನು ಸೆಕೆಂಡಿಗೆ ಸುಮಾರು 10 ಸಲ ಸಾರುತ್ತಿರುತ್ತದೆ. ನೇರ ಸಂದೇಶವಾದ್ದರಿಂದ ಮೊಬೈಲ್ ಟವರ್ ಬೇಕಿಲ್ಲ. ಫೋನ್ ಮಾಡಲು ಗುಡ್ಡ ಹತ್ತಬೇಕಾದ ಸಾಗರ, ಹೊಸನಗರದ ಹಳ್ಳಿಗಳಿಗೆ ಇದು ಸಣ್ಣ ಮಾತಲ್ಲ.

ತೊಡಕೂ ಇದೆ. ಈ ಅಲೆಗಳನ್ನೂ ಗುಡ್ಡ ತಡೆಯುತ್ತದೆ. ಹಾಗಾಗಿ ತಿರುವಿನ ಮೂಲೆಯಲ್ಲಿ, ಎರಡೂ ಬದಿಗೆ ಕಾಣುವಂತೆ, ಸಂದೇಶ ದಾಟಿಸುವ ರೇಡಿಯೊ ಕಂಬ ನೆಡಬೇಕು. ಎದುರಿನ ವಾಹನದಲ್ಲೂ ರೇಡಿಯೊ ಇರಬೇಕು. ಇಲ್ಲದಿದ್ದರೆ ಹಾರ್ನೇ ಗತಿ.

ಬೆಂಗಳೂರಿನ ಪ್ರಯತ್ನಗಳು

ಬೆಂಗಳೂರಿನ ಮೈನಸ್ ಝೀರೊ ಕಂಪನಿ 2023ರಲ್ಲಿ ಕ್ಯಾಮೆರಾವನ್ನೇ ನೆಚ್ಚಿದ ಝಡ್‌ಪಾಡ್ ವಾಹನ ತೋರಿಸಿತು. ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್‌.ವಿ. ಎಂಜಿನಿಯರಿಂಗ್ ಕಾಲೇಜು ಸೇರಿ ರೂಪಿಸಿದ ಕಾರು 2025ರಲ್ಲಿ ಕಾಲೇಜಿನ ಆವರಣದಲ್ಲಿ ಓಡಿತು.

ಆವರಣದ ರಸ್ತೆಗೂ ಮಳೆಗಾಲದ ಘಾಟಿಗೂ ಅಜಗಜಾಂತರ. ಡ್ರೈವರಿಲ್ಲದ ಕಾರು ಆಗುಂಬೆ ಇಳಿಯುವುದು ಸದ್ಯಕ್ಕಿಲ್ಲ. ತಿರುವಿನ ರೇಡಿಯೊ ಅದಕ್ಕಾಗಿ ಕಾಯಬೇಕಿಲ್ಲ. ಡ್ರೈವರ್ ಇರುವ ಬಸ್ಸು, ಲಾರಿಗಳಿಗೇ ಅದನ್ನು ಮೊದಲು ಅಳವಡಿಸಬೇಕು.